ಕೊಟ್ಟರೂ ತೀರದ ವಸ್ತುವಿನ ದಾನ

ಪತ್ರ ಬರೆಯಲು, ಲೆಕ್ಕದ ಪಟ್ಟಿ ಮಾಡಲು ಬೇಕಾದ ಕಚೇರಿ ತಂತ್ರಾಂಶವನ್ನು ಒಂದೊಂದು ಯಂತ್ರದಲ್ಲೂ ಬೇರೆಬೇರೆಯಾಗಿ ತುಂಬಿಡದೆ, ಜಾಲದ ಒಂದು ಸರ್ವರ್‌ನಲ್ಲಿಟ್ಟು ಅಲ್ಲಿಂದಲೇ ಎಲ್ಲ ಯುನಿಕ್ಸ್ ವರ್ಕ್‌ಸ್ಟೇಷನ್‌ಗಳಿಗೆ ಹಂಚುವ ಪದ್ಧತಿ 1980ರ ದಶಕದ ನಡುಭಾಗದಿಂದ ಬೆಳೆದು ಬಂದಿದೆ. ಮೇಲ್ನೋಟಕ್ಕೆ ಇದು ಡಿಸ್ಕಿನ ಜಾಗವನ್ನೂ ವ್ಯವಸ್ಥಾಪಕರ ಶ್ರಮವನ್ನೂ ಉಳಿಸುವ ಏರ್ಪಾಡು. ಆದರೆ ಧರ್ಮಶಾಸ್ತ್ರವೂ ತತ್ತ್ವಶಾಸ್ತ್ರವೂ ಬಹುಕಾಲದಿಂದ ಕೇಳುತ್ತ ಬಂದ ಪ್ರಶ್ನೆಯೊಂದು ಇದರೊಳಗಿದೆ. ಹಂಚಿದರೂ ಹಂಚಿದವರಲ್ಲಿ ಕಡಿಮೆಯಾಗದ ವಸ್ತುವನ್ನು ಕೊಟ್ಟರೆ ಅದು ದಾನವೇ? ಪಡೆದವರಿಗೆ ದಕ್ಕಿದ್ದು ಆ ವಸ್ತುವೋ, ಬರೀ ಅದರ ಬಳಕೆಯೋ? ಕಲ್ಯಾಣದಲ್ಲಿ ಮಿತಾಕ್ಷರಾ ಬರೆದ ವಿಜ್ಞಾನೇಶ್ವರ, ಸಾವಿರ ಓಲೆಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆ, ದಾಸೋಹವನ್ನು ಬದುಕಿನ ಕ್ರಮವಾಗಿಸಿದ ಶರಣರು ಈ ಪ್ರಶ್ನೆಯ ಒಂದೊಂದು ಮಗ್ಗುಲನ್ನು ಮುಟ್ಟಿದ್ದಾರೆ.

ಹಂಚಿಕೆ ಹೇಗೆ ನಡೆಯುತ್ತದೆಂದು ತಿಳಿಯದೆ ಮುಂದೆ ಹೋಗುವಂತಿಲ್ಲ. ಯುನಿಕ್ಸ್ ಜಾಲಗಳಲ್ಲಿ ಇದಕ್ಕೆ ತಳಹದಿ ಹಾಕಿದ್ದು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ವ್ಯವಸ್ಥೆ. ಸರ್ವರ್‌ನ ಡಿಸ್ಕಿನಲ್ಲಿರುವ ಒಂದು ಫೋಲ್ಡರನ್ನು ವರ್ಕ್‌ಸ್ಟೇಷನ್ ತನ್ನ ಕಡತಗಳ ನಡುವೆ ಒಂದು ಕಡೆ ಜೋಡಿಸಿಕೊಳ್ಳುತ್ತದೆ. ಇದನ್ನು ಮೌಂಟ್ ಮಾಡುವುದು ಎನ್ನುತ್ತಾರೆ. ಆಮೇಲೆ ಬಳಸುವವರ ಕಣ್ಣಿಗೆ ಆ ಫೋಲ್ಡರ್ ತಮ್ಮ ಯಂತ್ರದ್ದೇ. ಅದರೊಳಗಿನ ತಂತ್ರಾಂಶವನ್ನು ತೆರೆದಾಗ ವರ್ಕ್‌ಸ್ಟೇಷನ್ ಬೇಕಾದ ಭಾಗಗಳನ್ನಷ್ಟೇ ತುಣುಕು ತುಣುಕಾಗಿ ತರಿಸಿಕೊಂಡು, ತನ್ನ ಮೆಮೊರಿಯಲ್ಲಿರಿಸಿ, ತನ್ನ ಪ್ರೊಸೆಸರ್‌ನಿಂದಲೇ ಓಡಿಸುತ್ತದೆ. ಇಲ್ಲಿ ಸರ್ವರ್ ಕೆಲಸವನ್ನು ಮಾಡಿಕೊಡುವುದಿಲ್ಲ. ತನ್ನಲ್ಲಿರುವ ಪಠ್ಯವನ್ನು ಓದಲು ಕೊಡುತ್ತದೆ. ಅದೇ 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ಪದ್ಧತಿಯ ಟರ್ಮಿನಲ್‌ಗಳಲ್ಲಿ ಕ್ರಮ ಬೇರೆ. ಅಲ್ಲಿ ತಂತ್ರಾಂಶ ಓಡುವುದೂ ದೂರದ ಯಂತ್ರದಲ್ಲೇ, ಮೇಜಿನ ಮೇಲಿರುವುದು ಪರದೆ ಮಾತ್ರ.

ಜರ್ಮನಿಯ ಸ್ಟಾರ್ ಡಿವಿಷನ್ ರೂಪಿಸಿದ, 1999ರಲ್ಲಿ ಸನ್ ಕೊಂಡುಕೊಂಡ ಸ್ಟಾರ್‌ಆಫೀಸ್ ತಂತ್ರಾಂಶವನ್ನು ಜಾಲಕ್ಕೆ ಅಳವಡಿಸುವ ಕೆಲಸ ಎರಡು ಹಂತದ್ದಾಗಿತ್ತು. ಮೊದಲು ವ್ಯವಸ್ಥಾಪಕರು ಪೂರ್ಣಾಧಿಕಾರವಿರುವ ರೂಟ್ ಹೆಸರಿನಲ್ಲಿ ಸೆಟಪ್ ನಡೆಸಿ, ‘ನೆಟ್’ ಎಂಬ ಸೂಚನೆ ಕೊಟ್ಟು, ನೂರಕ್ಕೂ ಹೆಚ್ಚು ಮೆಗಾಬೈಟಿನ ಇಡೀ ತಂತ್ರಾಂಶವನ್ನು ಸರ್ವರ್‌ಗೆ ಇಳಿಸುತ್ತಿದ್ದರು. ಆಮೇಲೆ ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ, ಸರ್ವರ್‌ನಲ್ಲಿರುವ ಅದೇ ಸೆಟಪ್ ನಡೆಸಿ, ‘ವರ್ಕ್‌ಸ್ಟೇಷನ್’ ಬಗೆಯನ್ನು ಆರಿಸಬೇಕಿತ್ತು. ಆಗ ಅವರ ಹೋಮ್ ಫೋಲ್ಡರಿಗೆ ಬರುತ್ತಿದ್ದುದು ಕೆಲವೇ ಮೆಗಾಬೈಟಿನ ಸ್ವಂತದ ಕಡತಗಳು: ಅವರ ಇಷ್ಟದ ಅಕ್ಷರಶೈಲಿ, ಪದಕೋಶಕ್ಕೆ ಅವರು ಸೇರಿಸಿದ ಪದಗಳು, ಅವರ ಪತ್ರದ ಮಾದರಿಗಳು. ತಂತ್ರಾಂಶದ ಫೋಲ್ಡರ್ ಓದುವುದಕ್ಕೆ ಮಾತ್ರ. ಬರೆಯುವ ಹಕ್ಕು ಹೋಮ್ ಫೋಲ್ಡರಿನಲ್ಲಿ ಮಾತ್ರ. ಎಲ್ಲರಿಗೂ ಸೇರಿದ್ದನ್ನು ಯಾರೂ ಕೈಯಾಡಿಸಲಾಗದ ಕಡೆ, ಒಬ್ಬೊಬ್ಬರದನ್ನು ಅವರವರ ಕಡೆ ಇಡುವ ಈ ವಿಂಗಡಣೆಯನ್ನು ಯುನಿಕ್ಸ್ ಪರಂಪರೆ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದಿದೆ.

ಹೀಗೆ ಐವತ್ತು ಮೇಜುಗಳಲ್ಲಿ ತೆರೆದುಕೊಂಡಿರುವ ತಂತ್ರಾಂಶ ಒಂದೋ, ಐವತ್ತೋ? ಹಲವು ವಸ್ತುಗಳಲ್ಲಿ ಒಂದೇ ಆಗಿ, ನಿತ್ಯವಾಗಿ ನೆಲೆಸಿರುವ ‘ಸಾಮಾನ್ಯ’ ಎಂಬ ಪದಾರ್ಥವೊಂದಿದೆ ಎಂದು ನ್ಯಾಯ–ವೈಶೇಷಿಕರು ವಾದಿಸಿದರು. ಸಾವಿರ ಹಸುಗಳಿದ್ದರೂ ಅವುಗಳಲ್ಲಿರುವ ಹಸುತನ ಒಂದೇ. 7ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಇದನ್ನು ಕಟುವಾಗಿ ಪ್ರಶ್ನಿಸಿದ. ಹೊಸದೊಂದು ವಸ್ತು ಹುಟ್ಟಿದಾಗ ಆ ಸಾಮಾನ್ಯ ಅದರೊಳಗೆ ಹೇಗೆ ಸೇರಿತು? ಮೊದಲೇ ಆ ಜಾಗದಲ್ಲಿ ಇರಲಿಲ್ಲ, ಬೇರೆಡೆಯಿಂದ ನಡೆದೂ ಬರಲಿಲ್ಲ, ಹಳೆಯ ನೆಲೆಯನ್ನು ಬಿಟ್ಟೂ ಬರಲಿಲ್ಲ. ಗ್ರೀಸಿನಲ್ಲಿ ಪ್ಲೇಟೋ ‘ಪಾರ್ಮೆನಿಡೀಸ್’ ಸಂವಾದದಲ್ಲಿ ಇದೇ ತೊಡಕನ್ನು ಎತ್ತಿದ್ದ. ಒಂದೇ ಹಗಲು ಹಲವು ಊರುಗಳಲ್ಲಿ ಪೂರ್ತಿಯಾಗಿ ಇರುವಂತೆ ಆ ಒಂದು ಹಲವುಗಳಲ್ಲಿ ಇದೆಯೇ, ಇಲ್ಲವೇ ಒಂದೇ ಹಾಯಿಬಟ್ಟೆ ಹಲವರ ತಲೆಯ ಮೇಲೆ ಹರಡಿದಂತೆ ಒಬ್ಬೊಬ್ಬರಿಗೆ ಒಂದೊಂದು ತುಂಡಾಗಿ ಸಿಗುತ್ತದೆಯೇ ಎಂದು ಅಲ್ಲಿ ಚರ್ಚೆ ನಡೆಯುತ್ತದೆ. 13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಮೂರನೆಯ ದಾರಿ ಹಿಡಿದರು. ವಸ್ತುಗಳೂ ಅವುಗಳ ಗುಣಗಳೂ ಸತ್ಯವೇ. ಆದರೆ ಒಂದೊಂದರ ಧರ್ಮ ಅದರದರದೇ, ಅವುಗಳ ನಡುವೆ ಇರುವುದು ಸಾದೃಶ್ಯ. ಹಲವುಗಳಲ್ಲಿ ಹಂಚಿಹೋದ ಒಂದೇ ವಸ್ತುವೆಂಬುದು ಅವರ ಮತದಲ್ಲಿಲ್ಲ.

ಸರ್ವರ್‌ನ ವಿಷಯದಲ್ಲಿ ಮಧ್ವರ ವಿವರಣೆಯೇ ಹೆಚ್ಚು ಹೊಂದುತ್ತದೆ. ಧರ್ಮಕೀರ್ತಿಯ ಪ್ರಶ್ನೆಗೆ ಇಲ್ಲಿ ನೇರ ಉತ್ತರವಿದೆ: ಪಠ್ಯದ ಒಂದು ಪ್ರತಿ ತಂತಿಯ ಮೂಲಕ ನಿಜವಾಗಿಯೂ ಪಯಣಿಸಿ ಬಂದು ವರ್ಕ್‌ಸ್ಟೇಷನ್‌ನ ಮೆಮೊರಿಯಲ್ಲಿ ಕೂರುತ್ತದೆ. ಅಲ್ಲಿ ಓಡುವ ಒಂದೊಂದು ತಂತ್ರಾಂಶಕ್ಕೂ ಅದರದೇ ಸ್ಥಿತಿ, ಅದರದೇ ಸೋಲು; ಒಂದು ಮೇಜಿನಲ್ಲಿ ಅದು ಕೆಟ್ಟು ನಿಂತರೆ ಪಕ್ಕದ ಮೇಜಿಗೆ ಗೊತ್ತೂ ಆಗುವುದಿಲ್ಲ. ಐವತ್ತೂ ಒಂದರಂತೆ ಇನ್ನೊಂದಿವೆ, ಏಕೆಂದರೆ ಅವುಗಳ ಮೂಲ ಒಂದು. ಅವು ಒಂದೇ ಆಗಿ ಕಾಣುವುದು ವ್ಯವಸ್ಥಾಪಕರು ಆ ಮೂಲವನ್ನು ಕಾದು ನೋಡಿಕೊಳ್ಳುವ ತನಕ. ಈ ತೀರ್ಮಾನದಿಂದ ಮುಖ್ಯವಾದ ಇನ್ನೊಂದು ಮಾತು ಹೊರಡುತ್ತದೆ. ಸರ್ವರ್‌ನಿಂದ ‘ಹಂಚಿಕೊಂಡು ಬಳಸುವುದು’ ಮತ್ತು ‘ಪ್ರತಿ ಮಾಡಿಕೊಳ್ಳುವುದು’ ಯಂತ್ರದ ಮಟ್ಟದಲ್ಲಿ ಒಂದೇ ಕ್ರಿಯೆ. ಎರಡರಲ್ಲೂ ಪ್ರತಿ ಹುಟ್ಟುತ್ತದೆ. ಮೊದಲನೆಯದರಲ್ಲಿ ಆ ಪ್ರತಿ ಕೆಲಸ ಮುಗಿದೊಡನೆ ಅಳಿಯಬೇಕು, ಎರಡನೆಯದರಲ್ಲಿ ಉಳಿಯಬಹುದು. ಹಾಗಾಗಿ ಇವುಗಳ ನಡುವಿನ ಅಂತರ ವಸ್ತುವಿನ ಸ್ವಭಾವದಿಂದ ಬಂದದ್ದಲ್ಲ. ಅದು ಅನುಮತಿಯಿಂದ ಬಂದದ್ದು, ಅಂದರೆ ಧರ್ಮದ ಮತ್ತು ವ್ಯವಹಾರದ ಕ್ಷೇತ್ರಕ್ಕೆ ಸೇರಿದ್ದು.

ಧರ್ಮಶಾಸ್ತ್ರಕಾರರು ದಾನಕ್ಕೆ ಕೊಡುವ ಲಕ್ಷಣ ಬಿಗಿಯಾದದ್ದು. ಕೊಡುವವರು ತಮ್ಮ ಸ್ವತ್ವವನ್ನು ತೊರೆಯಬೇಕು, ಅದೇ ವಸ್ತುವಿನ ಮೇಲೆ ಪಡೆಯುವವರ ಸ್ವತ್ವ ಹುಟ್ಟಬೇಕು. ಹಸುವನ್ನೋ ಭೂಮಿಯನ್ನೋ ಕೊಟ್ಟಾಗ ಇದು ಸರಾಗವಾಗಿ ನಡೆಯುತ್ತದೆ. ಆದರೆ ಗೋದಾನ, ಭೂದಾನಗಳ ಜೊತೆಗೇ ವಿದ್ಯೆಯನ್ನೂ ಸೇರಿಸಿ ಮೂರನ್ನೂ ‘ಅತಿದಾನ’ ಎಂದು ಕರೆದ ಪರಂಪರೆಯಲ್ಲಿ ಮೂರನೆಯದು ಈ ಲಕ್ಷಣಕ್ಕೆ ಒಗ್ಗುವುದಿಲ್ಲ. ಪಾಠ ಹೇಳಿದ ಗುರುವಿನ ವಿದ್ಯೆ ಗುರುವಿನಲ್ಲೇ ಇರುತ್ತದೆ. ತೊರೆಯದೆ ಕೊಡುವ ಈ ದಾನಕ್ಕೆ ಅತ್ಯುನ್ನತ ಸ್ಥಾನ ಕೊಟ್ಟದ್ದರಲ್ಲಿ ಒಂದು ಒಳನೋಟವಿದೆ. ದಾನದ ಹಿರಿಮೆಯನ್ನು ಕೊಟ್ಟವರು ಎಷ್ಟು ಕಳೆದುಕೊಂಡರು ಎಂಬುದರಿಂದ ಅಳೆಯದೆ, ಪಡೆದವರು ಏನಾದರು ಎಂಬುದರಿಂದ ಅಳೆದಿದ್ದಾರೆ. ವಿದ್ಯೆ ಪಡೆದವರು ಮುಂದೆ ತಾವೇ ಗುರುಗಳಾಗಬಲ್ಲರು. ಹಸು ಪಡೆದವರಿಗೆ ಹಾಲು ಸಿಕ್ಕಿತು. ಗುರುವಿಗೆ ಸಮನಾಗುವ ಬಾಗಿಲು ತೆರೆದದ್ದು ವಿದ್ಯೆ ಪಡೆದವರಿಗೆ ಮಾತ್ರ.

ಸ್ವತ್ವವೆಂದರೇನು ಎಂಬ ಪ್ರಶ್ನೆಯನ್ನು ಆಳವಾಗಿ ಚರ್ಚಿಸಿದವನು ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ಮಿತಾಕ್ಷರಾ ವ್ಯಾಖ್ಯಾನ ಮುಂದೆ ಭಾರತದ ಬಹುಭಾಗಕ್ಕೆ ಉತ್ತರಾಧಿಕಾರದ ಕಾನೂನಾಯಿತು. ಒಡೆತನ ಶಾಸ್ತ್ರದಿಂದ ಮಾತ್ರ ತಿಳಿಯುವ ಸಂಗತಿಯೋ, ಲೋಕವ್ಯವಹಾರದ್ದೋ ಎಂದು ಕೇಳಿ ಅದು ಲೌಕಿಕವೇ ಎಂದು ಅವನು ತೀರ್ಮಾನಿಸಿದ. ಶಾಸ್ತ್ರದ ಗಂಧವಿಲ್ಲದ ಗಡಿನಾಡಿನವರೂ ಕೊಳ್ಳುತ್ತಾರೆ, ಮಾರುತ್ತಾರೆ, ತನ್ನದು–ಪರರದು ಎಂದು ತಿಳಿದು ನಡೆಯುತ್ತಾರೆ ಎಂಬುದು ಅವನ ಕಾರಣಗಳಲ್ಲೊಂದು. ಹಕ್ಕಿನ ಮೂಲವಾದ ಆಗಮ ಬೇರೆ, ಅನುಭವಿಸುವ ಭುಕ್ತಿ ಬೇರೆ ಎಂಬ ಭೇದವನ್ನೂ ಮಿತಾಕ್ಷರಾ ವಿಸ್ತಾರವಾಗಿ ಬಿಡಿಸುತ್ತದೆ. ಈ ಭೇದದ ಬೆಳಕಿನಲ್ಲಿ ನೋಡಿದರೆ, ಸರ್ವರ್‌ನ ತಂತ್ರಾಂಶವನ್ನು ತೆರೆದು ಕುಳಿತವರಿಗೆ ಇರುವುದು ಭುಕ್ತಿ ಮಾತ್ರ. ಒಡೆತನ ಲೌಕಿಕವಾದ್ದರಿಂದ ಲೋಕ ಅದನ್ನು ಹೇಗೆ ಕಟ್ಟಿದೆ ಎಂದು ಕೇಳುವುದು ಮತ್ತು ಬೇರೆ ಬಗೆಯಾಗಿ ಕಟ್ಟಬಹುದೇ ಎಂದು ಕೇಳುವುದು ಎರಡೂ ನ್ಯಾಯವೇ.

ಇಂದಿನ ಲೋಕ ಅದನ್ನು ಕೃತಿಸ್ವಾಮ್ಯವಾಗಿ ಕಟ್ಟಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಮಾಡಿದ ತಿದ್ದುಪಡಿ ಕಂಪ್ಯೂಟರ್ ತಂತ್ರಾಂಶವನ್ನು ಸಾಹಿತ್ಯಕೃತಿಗಳ ಸಾಲಿಗೆ ಸೇರಿಸಿತು. 1994ರ ತಿದ್ದುಪಡಿ ಅನಧಿಕೃತ ಪ್ರತಿಯನ್ನು ತಿಳಿದೂ ಬಳಸುವುದನ್ನೇ ಜೈಲುಶಿಕ್ಷೆಯ ಅಪರಾಧವಾಗಿಸಿತು. ಸರ್ವರ್‌ನಿಂದ ಹಂಚುವಾಗ ಇದು ಲೆಕ್ಕದ ರೂಪ ಪಡೆಯುತ್ತದೆ. ಬೆಂಗಳೂರಿನ ತುಮಕೂರು ರಸ್ತೆಯ ಒಂದು ಮಗ್ಗುಲಿಗೆ ಪೀಣ್ಯ ಕೈಗಾರಿಕಾ ಪ್ರದೇಶ, ಇನ್ನೊಂದು ಮಗ್ಗುಲಿಗೆ ಅಲ್ಲಿ ದುಡಿಯುವವರು ನೆಲೆಸಿರುವ ದಾಸರಹಳ್ಳಿ, ಬಾಗಲಗುಂಟೆ. ಅಚ್ಚು, ಉಪಕರಣ, ಯಂತ್ರಭಾಗಗಳ ನಕ್ಷೆ ತಯಾರಿಸುವ ಇಂಥ ಪ್ರದೇಶದ ಕಚೇರಿಗಳಿಗೂ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದ ಮೇಲೆ ಬೆಂಗಳೂರಿನಲ್ಲಿ ಬೆಳೆದ ಚಿಪ್ ವಿನ್ಯಾಸದ ಕಚೇರಿಗಳಿಗೂ ‘ಫ್ಲೋಟಿಂಗ್ ಲೈಸೆನ್ಸ್’ ಚೆನ್ನಾಗಿ ಗೊತ್ತಿರುವ ಮಾತು. ಸರ್ವರ್‌ನಲ್ಲಿ ಲೈಸೆನ್ಸ್ ಎಣಿಸುವ ಪುಟ್ಟ ತಂತ್ರಾಂಶವೊಂದು ಸದಾ ಓಡುತ್ತಿರುತ್ತದೆ. ಕಚೇರಿ ಮೂರು ಲೈಸೆನ್ಸ್ ಕೊಂಡಿದ್ದರೆ ಮೊದಲ ಮೂವರಿಗೆ ತಂತ್ರಾಂಶ ತೆರೆಯುತ್ತದೆ. ನಾಲ್ಕನೆಯವರು ಒಬ್ಬರು ಮುಚ್ಚುವ ತನಕ ಕಾಯಬೇಕು. ನಾಲ್ಕನೆಯವರ ಯಂತ್ರದಲ್ಲಿ ಮೆಮೊರಿ ಇದೆ, ತಂತಿ ಇದೆ, ಪಠ್ಯ ಓದಲು ಸಿದ್ಧವಾಗಿದೆ. ಕೊರತೆಯಿರುವುದು ಎಣಿಕೆಯಲ್ಲಿ ಮಾತ್ರ. ತೀರದ ವಸ್ತುವನ್ನು ತೀರುವಂತೆ ಮಾಡಲು ಇಷ್ಟು ಜಾಣ್ಮೆ ಬೇಕಾಯಿತೆಂಬುದು ಯೋಚಿಸತಕ್ಕ ಸಂಗತಿ.

ಇದೇ ತುಮಕೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಕ್ಯಾತ್ಸಂದ್ರದ ಬಳಿ ಸಿದ್ಧಗಂಗಾ ಮಠ. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಅಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹ ಎಡೆಬಿಡದೆ ನಡೆಯಿತು, ಈಗಲೂ ನಡೆಯುತ್ತಿದೆ. ಮೂರನ್ನೂ ಒಂದೇ ಹೆಸರಿನಲ್ಲಿ ಕರೆದರೂ ಅವುಗಳ ನಡೆ ಬೇರೆಬೇರೆ. ಅನ್ನ ಉಂಡರೆ ತೀರುತ್ತದೆ. ನಾಳೆಗೆ ಮತ್ತೆ ಒಲೆ ಹಚ್ಚಬೇಕು, ಮತ್ತೆ ಅಕ್ಕಿ–ರಾಗಿ ಬರಬೇಕು. ಆಶ್ರಯಕ್ಕೆ ಇಷ್ಟೇ ಮಂದಿ ಎಂಬ ಮಿತಿ ಗೋಡೆಗಳಿಂದಲೇ ಬರುತ್ತದೆ. ಅಕ್ಷರ ಹಾಗಲ್ಲ. ಒಮ್ಮೆ ಕಲಿತ ಮಗು ಮಠ ಬಿಟ್ಟು ಊರಿಗೆ ಹೋದರೂ ಅದು ಜೊತೆಗೇ ಹೋಗುತ್ತದೆ, ಇನ್ನೊಂದು ಮಗುವಿಗೆ ದಾಟುತ್ತದೆ.

ಸರ್ವರ್‌ನ ಹಂಚಿಕೆ ಇವುಗಳಲ್ಲಿ ಯಾವುದು? ಹಂಚುತ್ತಿರುವ ವಸ್ತು ಅಕ್ಷರದ ಜಾತಿಯದು, ಹಂಚುವ ರೀತಿ ಮಾತ್ರ ಅನ್ನದ್ದು. ದಿನದಿನವೂ ಬಂದು ಪಡೆಯಬೇಕು, ಕೊಡುವ ಕೈ ನಿಂತರೆ ಪಡೆಯುವುದೂ ನಿಲ್ಲುತ್ತದೆ. ಇದನ್ನು ದೋಷವೆಂದು ತಳ್ಳಿಹಾಕುವಂತಿಲ್ಲ. ಅನ್ನದಾನ ಕೀಳಲ್ಲ, ಹಸಿದವರಿಗೆ ಅದು ಎಲ್ಲಕ್ಕಿಂತ ಮೊದಲು. ಸ್ವಂತ ಡಿಸ್ಕಿಗೆ ಹಣವಿಲ್ಲದ ಶಾಲೆಗೆ, ಹಳೆಯ ಯಂತ್ರಗಳಿರುವ ಸಣ್ಣ ಕಚೇರಿಗೆ ಸರ್ವರ್‌ನಿಂದ ಬಂದ ತಂತ್ರಾಂಶ ನಿಜವಾದ ಉಪಕಾರ. ಸರ್ವರ್‌ನ ಬಲಕ್ಕೂ ಮಿತಿಯುಂಟು. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕುಳಿತು ತಂತ್ರಾಂಶ ತೆರೆದಾಗ ಜಾಲ ಉಬ್ಬಸ ಪಡುತ್ತದೆ. ಡಿಸ್ಕು, ತಂತಿ, ವಿದ್ಯುತ್ತು, ವ್ಯವಸ್ಥಾಪಕರ ದುಡಿಮೆ ಎಲ್ಲವೂ ಖರ್ಚಾಗುವ ವಸ್ತುಗಳೇ. ಇವುಗಳಿಗೆ ಬೆಲೆ ಕೇಳುವುದು ಧರ್ಮಸಮ್ಮತ. ಕಾಯಕವನ್ನು ಪೂಜೆಯ ಎತ್ತರಕ್ಕೆ ಏರಿಸಿದ ಶರಣರ ನಾಡಿನಲ್ಲಿ ತಂತ್ರಾಂಶ ಬರೆದವರ ದುಡಿಮೆಗೆ ಕೂಲಿ ಬೇಡವೆಂದು ಯಾರೂ ಹೇಳಲಾರರು. ಪ್ರಶ್ನೆಯಿರುವುದು ಇನ್ನೊಂದೇ: ಖರ್ಚಾಗುವ ಸೇವೆಯ ಬೆಲೆಯನ್ನು ಕೇಳುವ ನೆಪದಲ್ಲಿ ಖರ್ಚಾಗದ ಅಕ್ಷರವನ್ನೇ ಬೀಗದೊಳಗೆ ಇಡಬಹುದೇ?

ಕೊಡುವವರ ಮನೋಧರ್ಮದ ವಿಷಯದಲ್ಲಿ ಎನ್‌ಎಫ್‌ಎಸ್‌ನ ಮೊದಲ ರಚನೆಯಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಆರಂಭದ ಆವೃತ್ತಿಗಳಲ್ಲಿ ಸರ್ವರ್ ತನ್ನಿಂದ ಯಾರು ಏನನ್ನು ತೆರೆದುಕೊಂಡಿದ್ದಾರೆಂಬ ನೆನಪನ್ನೇ ಇಟ್ಟುಕೊಳ್ಳುತ್ತಿರಲಿಲ್ಲ. ಒಂದೊಂದು ಕೋರಿಕೆಯೂ ತನಗೆ ಬೇಕಾದ ವಿವರವನ್ನೆಲ್ಲ ತಾನೇ ಹೊತ್ತು ಬರುತ್ತಿತ್ತು. ಸರ್ವರ್ ಕೇಳಿದ್ದನ್ನು ಕೊಟ್ಟು ಅಲ್ಲಿಗೆ ಮರೆಯುತ್ತಿತ್ತು. ಸರ್ವರ್ ಕೆಟ್ಟು ಮತ್ತೆ ಎದ್ದಾಗ ಸುಲಭವಾಗಿ ಚೇತರಿಸಿಕೊಳ್ಳಲಿ ಎಂಬ ತಾಂತ್ರಿಕ ಕಾರಣಕ್ಕೆ ಹೀಗೆ ಮಾಡಿದ್ದರು. ಭಗವದ್ಗೀತೆಯ 17ನೇ ಅಧ್ಯಾಯ ಪ್ರತಿಫಲವನ್ನು ನಿರೀಕ್ಷಿಸದೆ, ಕೊಡಬೇಕೆಂಬುದಕ್ಕಾಗಿಯೇ ಕೊಡುವುದನ್ನು ಸಾತ್ತ್ವಿಕ ದಾನವೆನ್ನುತ್ತದೆ. ಲೆಕ್ಕವಿಡದೆ ಕೊಡುವ ಯಂತ್ರಕ್ಕೆ ಸತ್ತ್ವಗುಣವನ್ನು ಆರೋಪಿಸುವುದು ಅತಿಯಾದೀತು, ಆದರೆ ಅದನ್ನು ಕಟ್ಟಿದವರ ವಿವೇಕಕ್ಕೆ ಬೆಲೆಯಿದೆ. ಲೆಕ್ಕವಿಡದ ಕೊಡುಗೆ ಗಟ್ಟಿಯಾಗಿ ನಿಂತಿತು. ಲೈಸೆನ್ಸ್ ಎಣಿಸುವ ತಂತ್ರಾಂಶ ಕೆಟ್ಟರೆ ಮಾತ್ರ ಯಾರಿಗೂ ಏನೂ ಸಿಗುವುದಿಲ್ಲ.

ಎರಡನೆಯ ಅಂಶ ಅಧಿಕಾರಕ್ಕೆ ಸಂಬಂಧಿಸಿದ್ದು. ಯುನಿಕ್ಸ್ ಯಂತ್ರದಲ್ಲಿ ರೂಟ್ ಎಂಬ ಬಳಕೆದಾರನಿಗೆ ಎಲ್ಲ ಅಧಿಕಾರವೂ ಉಂಟು. ಆದರೆ ತನ್ನ ವರ್ಕ್‌ಸ್ಟೇಷನ್‌ನ ರೂಟ್ ಸರ್ವರ್‌ನ ಫೋಲ್ಡರಿಗೆ ಕಾಲಿಟ್ಟೊಡನೆ ಅಲ್ಲಿ ಅವನನ್ನು ‘ನೋಬಡಿ’ ಎಂಬ ಹೆಸರಿಗೆ, ಅಂದರೆ ಯಾವ ಅಧಿಕಾರವೂ ಇಲ್ಲದ ಅನಾಮಿಕನಿಗೆ ಇಳಿಸುವ ಏರ್ಪಾಡಿದೆ. ತನ್ನ ಮನೆಯಲ್ಲಿ ದೊರೆಯಾದವನು ಸಾರ್ವಜನಿಕ ಸ್ಥಳದಲ್ಲಿ ಯಾರೂ ಅಲ್ಲ. ಸರ್ವರ್‌ನ ಸ್ವಂತ ರೂಟ್‌ನ ಮಾತೇನು? ಬಸವಣ್ಣ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವನು. ಭಂಡಾರದ ಬೀಗ ಕೈಯಲ್ಲಿದ್ದರೂ ಭಂಡಾರ ತನ್ನದಲ್ಲವೆಂಬ ಅರಿವು ದಾಸೋಹದ ತಿರುಳು. ಸರ್ವರ್‌ನ ವ್ಯವಸ್ಥಾಪಕರಿಗೆ ಎಲ್ಲರ ಹೋಮ್ ಫೋಲ್ಡರನ್ನೂ ತೆರೆದು ಓದುವ ಶಕ್ತಿಯಿರುತ್ತದೆ. ಓದದೆ ಇರುವುದು ಅವರ ಧರ್ಮ. ಈ ಶಕ್ತಿಗೆ ತಾಂತ್ರಿಕ ತಡೆ ಹಾಕುವುದು ಕಷ್ಟವಾದ್ದರಿಂದ ಇಲ್ಲಿ ಧರ್ಮಕ್ಕೆ ಬಹಳ ಭಾರದ ಕೆಲಸವಿದೆ.

ಪಡೆಯುವವರ ಸ್ಥಿತಿಯನ್ನು ಹೇಳಲು ಮಧ್ವಸಿದ್ಧಾಂತದ ಸ್ವತಂತ್ರ–ಪರತಂತ್ರ ವಿಭಾಗ ನೆರವಾಗುತ್ತದೆ. ಸ್ವತಂತ್ರ ತತ್ತ್ವ ವಿಷ್ಣು ಒಬ್ಬನೇ. ಉಳಿದುದೆಲ್ಲ ಇರುವುದಕ್ಕೂ ನಡೆಯುವುದಕ್ಕೂ ಅವನನ್ನು ಅವಲಂಬಿಸಿದೆ. ಪರತಂತ್ರವಾದದ್ದು ಸುಳ್ಳಲ್ಲ, ಆದರೆ ತನ್ನಿಂದ ತಾನೇ ನಿಲ್ಲಲಾರದು. ಸರ್ವರ್ ನಿಂತುಹೋದಾಗ ವರ್ಕ್‌ಸ್ಟೇಷನ್‌ನ ಪರದೆಯ ಮೇಲೆ ಸರ್ವರ್ ಉತ್ತರಿಸುತ್ತಿಲ್ಲ, ಪ್ರಯತ್ನ ಮುಂದುವರಿದಿದೆ ಎಂಬ ಸಂದೇಶ ಬರುತ್ತದೆ. ಗಟ್ಟಿಯಾಗಿ ಮೌಂಟ್ ಮಾಡಿದ ಯಂತ್ರ ಸರ್ವರ್ ಮರಳುವ ತನಕ, ಗಂಟೆಗಳಾದರೂ, ಕಾಯುತ್ತಲೇ ಇರುತ್ತದೆ. ಮರಳಿದೊಡನೆ ನಿಂತಲ್ಲಿಂದ ಕೆಲಸ ಮುಂದುವರಿಸುತ್ತದೆ. ಭಗವಂತನ ಮೇಲಿನ ಅವಲಂಬನೆ ಭಕ್ತನಿಗೆ ಬಿಡುಗಡೆಯ ದಾರಿ. ಅದೇ ಅವಲಂಬನೆಯನ್ನು ಒಂದು ಕಂಪನಿಯ ಮೇಲೋ ಒಬ್ಬ ಅಧಿಕಾರಿಯ ಮೇಲೋ ಇಟ್ಟರೆ ಅದು ಬರೀ ಕಟ್ಟು. ಮನುಷ್ಯರು ನಡೆಸುವ ಯಾವ ಸಂಸ್ಥೆಗೂ ಸ್ವತಂತ್ರ ತತ್ತ್ವದ ಪೀಠ ಸಲ್ಲುವುದಿಲ್ಲ ಎಂಬುದು ದ್ವೈತದ ಒಳಗಿನಿಂದಲೇ ಬರುವ ಎಚ್ಚರಿಕೆ.

ಅಕ್ಷರವನ್ನು ಅಕ್ಷರದ ರೀತಿಯಲ್ಲೇ ಕೊಟ್ಟ ಉದಾಹರಣೆ ಕನ್ನಡನಾಡಿನ ಜೈನ ಪರಂಪರೆಯಲ್ಲಿದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಈ ನಾಡಿನ ಶಾಸನಗಳು ಮತ್ತೆ ಮತ್ತೆ ಹೆಸರಿಸುತ್ತವೆ. ಶಾಸ್ತ್ರದಾನವೆಂದರೆ ಗ್ರಂಥವನ್ನು ಬರೆಸಿ ಕೊಡುವುದು. ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸಹೋದರರು ತಮ್ಮ ಗುರುವಿನ ನೆನಪಿಗಾಗಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಸಿದ್ದರು. ಆ ಕಾವ್ಯ ಕಾಲಕ್ಕೆ ಸಿಕ್ಕಿ ಅಳಿಯಬಾರದೆಂದು ಮಲ್ಲಪನ ಮಗಳು ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಸಿ ಹಂಚಿದಳು. ರನ್ನನಿಂದ ಅಜಿತಪುರಾಣವನ್ನು ಬರೆಸಿದವಳೂ, ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳೂ ಇವಳೇ. ದಾನಚಿಂತಾಮಣಿ ಎಂಬ ಬಿರುದು ಇವಳದು. ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಗೂ ಲಿಪಿಕಾರರ ಕೈ ಮತ್ತು ಕಣ್ಣು ಸವೆಯಬೇಕಿತ್ತು. ಕಾವ್ಯವನ್ನು ಒಂದೇ ಬಸದಿಯಲ್ಲಿಟ್ಟು, ಬೇಕಾದವರು ಅಲ್ಲಿಗೇ ಬಂದು ಓದಲಿ ಎಂದಿದ್ದರೆ ಖರ್ಚು ಉಳಿಯುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಆ ಸಾವಿರದಲ್ಲಿ ಯಾವುದೇ ಒಂದನ್ನು ಮುಂದಿಟ್ಟುಕೊಂಡು ಇನ್ನೊಬ್ಬರು ಮತ್ತೊಂದನ್ನು ಬರೆಯಬಹುದಿತ್ತು, ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ. ಸಾವಿರ ಎಂಬ ಸಂಖ್ಯೆಗಿಂತ ಇದೇ ಆ ದಾನದ ದೊಡ್ಡತನ.

ಇದಕ್ಕೆ ಎದುರು ನಿಲ್ಲುವ, ಅಷ್ಟೇ ಗೌರವಕ್ಕೆ ಅರ್ಹವಾದ ಇನ್ನೊಂದು ಚರಿತ್ರೆ ಮೂಡುಬಿದಿರೆಯದು. ದಿಗಂಬರ ಜೈನರ ಅತ್ಯಂತ ಹಳೆಯ ಆಗಮವಾದ ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಹಳಗನ್ನಡ ಲಿಪಿಯ ಓಲೆಪ್ರತಿಗಳು ಉಳಿದು ಬಂದದ್ದು ಅಲ್ಲಿಯ ಗುರುಬಸದಿಯಲ್ಲಿ. ಆ ಬಸದಿಯನ್ನು ಸಿದ್ಧಾಂತ ಬಸದಿ ಎಂದೇ ಕರೆಯುತ್ತಾರೆ. ಶತಮಾನಗಳ ಕಾಲ ಯಾತ್ರಿಕರು ದೂರದಿಂದ ಬಂದು ಆ ಗ್ರಂಥಗಳ ದರ್ಶನ ಪಡೆದು ಹೋಗುತ್ತಿದ್ದರು, ಓದುವವರು ಇರಲಿಲ್ಲ. ಪ್ರತಿ ಮಾಡುವ ಕೆಲಸ 1896ರಲ್ಲಿ ಶುರುವಾಯಿತು, ವರ್ಷಗಟ್ಟಲೆ ನಡೆಯಿತು. ಆ ಪ್ರತಿಗಳೂ ಮೂಡುಬಿದಿರೆಯಲ್ಲೇ ಇರಬೇಕೆಂದಿತ್ತು. ಗುಟ್ಟಾಗಿ ಮಾಡಿದ ಇನ್ನೊಂದು ಪ್ರತಿ ಉತ್ತರ ಭಾರತವನ್ನು ಮುಟ್ಟಿತು. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಧವಲಾದ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು, ಹದಿನಾರನೆಯದು 1958ರಲ್ಲಿ. ಮೂಡುಬಿದಿರೆಯವರ ಬಿಗಿ ಕಾವಲಿಲ್ಲದಿದ್ದರೆ ಅಚ್ಚು ಹಾಕಲು ಏನೂ ಉಳಿಯುತ್ತಿರಲಿಲ್ಲ. ಆದರೆ ಕಾವಲಷ್ಟೇ ಇದ್ದಿದ್ದರೆ ಶಾಸ್ತ್ರ ಪೂಜೆಯ ವಸ್ತುವಾಗಿಯೇ ಉಳಿಯುತ್ತಿತ್ತು, ಶಾಸ್ತ್ರವಾಗಿ ಅಲ್ಲ. ಒಂದೇ ಮೂಲವನ್ನು ಕಾಯುವವರೂ ಬೇಕು, ಅದರಿಂದ ಪ್ರತಿ ಹೊರಡುವ ದಾರಿಯೂ ಬೇಕು. ಸರ್ವರ್‌ನ ಓದಲಷ್ಟೇ ಇರುವ ಫೋಲ್ಡರಿಗೂ ಇದೇ ಮಾತು ಸಲ್ಲುತ್ತದೆ.

ಸೋರ್ಸ್ ಕೋಡ್ ಎಂಬುದು ತಂತ್ರಾಂಶದ ಶಾಸ್ತ್ರಭಾಗ. ಯಂತ್ರ ಓಡಿಸುವ ರೂಪವನ್ನಷ್ಟೇ ಕೊಟ್ಟರೆ ಪಡೆದವರು ಬಳಸಬಹುದು, ತಿಳಿಯಲಾರರು. ಇದನ್ನು ನೈತಿಕ ಪ್ರಶ್ನೆಯಾಗಿ ಎತ್ತಿದವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದರು. 1989ರಲ್ಲಿ ಜಿಪಿಎಲ್ ಎಂಬ ಲೈಸೆನ್ಸಿನ ಮೊದಲ ಆವೃತ್ತಿ ಬಂತು. ಬಳಸಲು, ಓದಿ ತಿಳಿಯಲು, ಹಂಚಲು, ತಿದ್ದಿ ಹಂಚಲು ಅದು ಎಲ್ಲರಿಗೂ ಹಕ್ಕು ಕೊಡುತ್ತದೆ. ಧರ್ಮಶಾಸ್ತ್ರದಲ್ಲಿ ಇದಕ್ಕೆ ಹತ್ತಿರವಾದದ್ದು ದಾನಕ್ಕಿಂತ ಉತ್ಸರ್ಗ. ಕೆರೆ, ಬಾವಿ, ತೋಪುಗಳನ್ನು ಮಾಡಿಸಿದವರು ಯಾವ ಒಬ್ಬರಿಗೂ ಕೊಡದೆ ಸಕಲ ಜೀವಿಗಳಿಗೆಂದು ಬಿಟ್ಟುಕೊಡುವುದು ಉತ್ಸರ್ಗ. ಬಿಟ್ಟ ಮೇಲೆ ಎಲ್ಲರಲ್ಲಿ ಒಬ್ಬರಾಗಿ ಅವರೂ ಆ ನೀರು ಕುಡಿಯಬಹುದು. ಜಿಪಿಎಲ್ ಇದಕ್ಕಿಂತ ಒಂದು ಹೆಜ್ಜೆ ಎಚ್ಚರದ್ದು. ತಿದ್ದಿ ಹಂಚುವವರು ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕೆಂದು ವಿಧಿಸುತ್ತದೆ, ಅದಕ್ಕಾಗಿ ಕೃತಿಸ್ವಾಮ್ಯವನ್ನು ಬಿಡದೆ ಕೈಯಲ್ಲಿ ಹಿಡಿದಿರುತ್ತದೆ. ಕನ್ನಡದ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯಗಳ ಉದ್ದೇಶವೂ ಇದೇ. ಈ ಧರ್ಮವನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರಲಿ ಎಂದು ಕಲ್ಲಿನಲ್ಲಿ ಕೆತ್ತಿಸಿದವರು ಕೊಟ್ಟದ್ದನ್ನು ಮುಂದಿನವರು ಕಬಳಿಸದಂತೆ ಕಾಯಲು ಬಯಸಿದ್ದರು. ಅವರು ಪಾಪದ ಭಯವನ್ನು ಬಳಸಿದರು, ಇವರು ಕಾನೂನನ್ನು.

ಸ್ಟಾರ್‌ಆಫೀಸಿನ ಮುಂದಿನ ಕಥೆ ಈ ದಾರಿಯದು. ಸನ್ 2000ದಲ್ಲಿ ಅದರ ಸೋರ್ಸ್ ಕೋಡ್‌ ಅನ್ನು ಓಪನ್‌ಆಫೀಸ್ ಹೆಸರಿನಲ್ಲಿ ಬಿಡುಗಡೆ ಮಾಡಿತು. ಮುಂದೆ ಒರಾಕಲ್ ಸನ್ ಕಂಪನಿಯನ್ನು ಕೊಂಡಾಗ ಯೋಜನೆಯ ಭವಿಷ್ಯದ ಬಗ್ಗೆ ಆತಂಕಗೊಂಡ ಸ್ವಯಂಸೇವಕರು 2010ರ ಸೆಪ್ಟೆಂಬರ್ 28ರಂದು ಲಿಬ್ರೆಆಫೀಸನ್ನು ಕವಲೊಡೆಸಿದರು. ಒಡೆಯರು ಬದಲಾದರೂ ಕೃತಿ ನಿಲ್ಲಲಿಲ್ಲ, ಏಕೆಂದರೆ ಪ್ರತಿಗಳು ಲೋಕದ ತುಂಬ ಇದ್ದವು. ಕನ್ನಡಕ್ಕೂ ಇದರಿಂದ ನೇರ ಲಾಭವಾಯಿತು. ಲಿಬ್ರೆಆಫೀಸಿನ ಮೆನುಗಳು ಕನ್ನಡದಲ್ಲಿ ಕಾಣುವಂತೆ ಅನುವಾದಿಸಿದವರು ಯಾವ ಕಂಪನಿಯ ಮಾರುಕಟ್ಟೆ ಲೆಕ್ಕಾಚಾರಕ್ಕೂ ಕಾಯಬೇಕಾಗಲಿಲ್ಲ. ಬೀಗ ಹಾಕಿದ ತಂತ್ರಾಂಶವನ್ನು ಎಷ್ಟು ಉದಾರವಾಗಿ ಸರ್ವರ್‌ನಿಂದ ಹಂಚಿದರೂ ಅದಕ್ಕೆ ಕನ್ನಡವನ್ನು ಸೇರಿಸುವ ಹಕ್ಕು ಬಳಸುವವರಿಗೆ ಬರುವುದಿಲ್ಲ.

ಇದಕ್ಕೊಂದು ಆಕ್ಷೇಪವುಂಟು. ಲೆಕ್ಕ ಬರೆಯುವ ಗುಮಾಸ್ತರಿಗೆ ಸೋರ್ಸ್ ಕೋಡ್ ಕೊಟ್ಟು ಏನು ಪ್ರಯೋಜನ? ಅವರು ಅದನ್ನು ತೆರೆದೂ ನೋಡುವುದಿಲ್ಲ, ಅವರಿಗೆ ಬೇಕಾದದ್ದು ಬಳಕೆಯೇ. ಮಾತು ಒಪ್ಪತಕ್ಕದ್ದೇ. ಆದರೆ ಶಾಂತಿಪುರಾಣದ ಪ್ರತಿ ಪಡೆದ ಊರುಗಳಲ್ಲೂ ಓದಬಲ್ಲವರು ಎಲ್ಲರೂ ಆಗಿರಲಿಲ್ಲ. ಒಬ್ಬರು ಓದಿ ಹೇಳಿದ್ದನ್ನು ಉಳಿದವರು ಕೇಳಿದರು. ಶಾಸ್ತ್ರದಾನ ಸಮುದಾಯಕ್ಕೆ ಆಗುವ ದಾನ. ಒಬ್ಬೊಬ್ಬರ ಕೈಗೂ ಸಾಮರ್ಥ್ಯ ಬರದಿದ್ದರೂ ಅವರ ನಡುವೆ ಯಾರಿಗಾದರೂ ಆ ಸಾಮರ್ಥ್ಯ ಬರಲು ಅಡ್ಡಿಯಿರಬಾರದು. ಅಡ್ಡಿಯನ್ನು ಕಾನೂನೇ ಒಡ್ಡಿದಾಗ ನಷ್ಟವಾಗುವುದು ಆ ಗುಮಾಸ್ತರಿಗೂ ಹೌದು. ಅವರ ತೊಂದರೆಯನ್ನು ಸರಿಪಡಿಸಬಲ್ಲ ನೆರೆಯವರು ಕೈಕಟ್ಟಿ ಕೂರಬೇಕಾಗುತ್ತದೆ.

ಈಗ ಕಚೇರಿ ತಂತ್ರಾಂಶವನ್ನು ಹಂಚುವ ಸರ್ವರ್ ಕಚೇರಿಯ ಗೋಡೆಗಳನ್ನು ದಾಟಿ ಹೋಗಿದೆ. 2006ರಲ್ಲಿ ಗೂಗಲ್, 2011ರಲ್ಲಿ ಆಫೀಸ್ 365 ಹೆಸರಿನಲ್ಲಿ ಮೈಕ್ರೋಸಾಫ್ಟ್ ತಮ್ಮ ಸರ್ವರ್‌ಗಳಿಂದಲೇ ಈ ಸೇವೆ ಕೊಡಲಾರಂಭಿಸಿದವು. ಹಳೆಯ ಯುನಿಕ್ಸ್ ಜಾಲದ ವಿಂಗಡಣೆ ಇದರಿಂದ ಕಲಸಿಹೋಯಿತು. ಅಲ್ಲಿ ತಂತ್ರಾಂಶ ಪರರದಾದರೂ ಹೋಮ್ ಫೋಲ್ಡರ್ ಬಳಸುವವರದೆಂಬ ಗೆರೆ ಸ್ಪಷ್ಟವಾಗಿತ್ತು, ಅದನ್ನು ಕಾಯುವ ಭಂಡಾರಿ ಅದೇ ಕಟ್ಟಡದಲ್ಲಿ, ಮಾತಿಗೆ ಸಿಗುವಂತೆ ಇರುತ್ತಿದ್ದರು. ಇಲ್ಲಿ ಬರೆದ ಪತ್ರವೂ ದೂರದ ಡಿಸ್ಕಿನಲ್ಲಿ, ಚಂದಾ ಮುಗಿದರೆ ಅದರ ಮೇಲಿನ ಭುಕ್ತಿಯೂ ಅನಿಶ್ಚಿತ. ಮೊದಲು ತಂತ್ರಾಂಶದ ಬಗ್ಗೆ ಕೇಳುತ್ತಿದ್ದ ಸ್ವತ್ವದ ಪ್ರಶ್ನೆ ಈಗ ಬರಹದ ಬಗ್ಗೆಯೂ ಏಳುತ್ತದೆ, ಇದು ಮೊದಲಿನದಕ್ಕಿಂತ ಗಂಭೀರ. ಇದಕ್ಕೆ ಒಂದು ಮಟ್ಟದ ಉತ್ತರ ಬರಹದ ಕಡತವನ್ನು ಯಾವ ತಂತ್ರಾಂಶವಾದರೂ ಓದಬಲ್ಲ ರೂಪದಲ್ಲಿ ಇಡುವುದು. ಓಪನ್‌ಆಫೀಸ್ ಮನೆತನದಿಂದ ಬೆಳೆದ ಒಡಿಎಫ್ ರೂಪ 2006ರಲ್ಲಿ ಐಎಸ್‌ಒ ಮಾನಕವಾಯಿತು. ಭಾರತ ಸರ್ಕಾರ 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು, 2015ರಲ್ಲಿ ಮುಕ್ತ ತಂತ್ರಾಂಶಗಳನ್ನು ಅಳವಡಿಸಿಕೊಳ್ಳುವ ನೀತಿಯನ್ನು ಪ್ರಕಟಿಸಿತು. ಬಾಗಲಗುಂಟೆಯಂಥ ಬಡಾವಣೆಯ ಸಣ್ಣ ಲೆಕ್ಕಪತ್ರದ ಕಚೇರಿಯೊಂದು ಒಂದು ಸಾಧಾರಣ ಯಂತ್ರವನ್ನು ಸರ್ವರ್ ಮಾಡಿ, ಲಿಬ್ರೆಆಫೀಸನ್ನು ಅದರಿಂದಲೇ ಎಲ್ಲ ಮೇಜುಗಳಿಗೂ ಹಂಚಿ, ಕಡತಗಳನ್ನು ಒಡಿಎಫ್ ರೂಪದಲ್ಲಿ ಇಟ್ಟುಕೊಳ್ಳಲು ಇಂದು ತಾಂತ್ರಿಕವಾಗಿಯೂ ಕಾನೂನಿನಲ್ಲಿಯೂ ಯಾವ ತಡೆಯೂ ಇಲ್ಲ. ಅಲ್ಲಿಯ ನೌಕರರೊಬ್ಬರು ಅದೇ ತಂತ್ರಾಂಶದ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ದು ಮಕ್ಕಳ ಕಂಪ್ಯೂಟರಿಗೆ ಹಾಕಿಕೊಟ್ಟರೆ ಕಚೇರಿಯ ಪ್ರತಿಯೂ ಹಾಗೆಯೇ ಇರುತ್ತದೆ, ಯಾರ ಲೆಕ್ಕದಿಂದಲೂ ಒಂದು ಕಳೆಯುವುದಿಲ್ಲ.